ಒಂದು ದಿನದಲ್ಲಿ ಹೋಗಿಬರಬೇಕಾಗಿದ್ದ ದ್ವೀಪ

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗನೇ ಕಲ್ಯಾಣಪುರದಿಂದ ಫೋನ್ ಮಾಡಿ ತಿಳಿಸಿದ. ಇಗರ್ಜಿಯಲ್ಲಿ ಪೂಜೆ, ಮಣ್ಣು ಎಲ್ಲ ಮುಗಿದಿತ್ತು. ಫೋನ್ ಇಡುವ ಮೊದಲು ಕೇಳಿದ: "ಅಂಕಲ್, ಮಮ್ಮಿ ಮಸ್ಕತ್ತಿನಲ್ಲಿದ್ದಾಗ ಯಾವುದೋ ದ್ವೀಪಕ್ಕೆ ಹೋಗಿದ್ರಂತೆ. ಅದರಿಂದಲೇ ಕೆಲಸ ಹೋಯ್ತು ಅಂತ ಪಪ್ಪ ಹೇಳ್ತಿದ್ರು. ಮಮ್ಮಿ ಮಾತ್ರ ಯಾವತ್ತೂ ಬಾಯಿ ಬಿಡ್ಲಿಲ್ಲ. ನಿಮಗೆ ಗೊತ್ತುಂಟಾ?"

ಗೊತ್ತುಂಟು ಎಂದೆ. ಇನ್ನೊಮ್ಮೆ ಹೇಳುತ್ತೇನೆ ಎಂದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ, ದ್ವೀಪದ ಹೆಸರನ್ನೂ ಬರೆಯುವುದಿಲ್ಲ. ದ್ವೀಪದಲ್ಲಿರುವುದು ಒಂದು ಹಿಡಿ ಮನೆಗಳು. ಹೆಸರು ಹೇಳಿದರೆ ಮನೆಯೂ ಗೊತ್ತಾಗಿಬಿಡುತ್ತದೆ. ನಾನು ಕಣ್ಣಾರೆ ಕಂಡದ್ದು, ಅವರ ಬಾಯಿಂದಲೇ ಕೇಳಿದ್ದು, ಇವೆರಡನ್ನು ಬಿಟ್ಟು ಬೇರೇನನ್ನೂ ಸೇರಿಸದಿರಲು ಪ್ರಯತ್ನಿಸುತ್ತೇನೆ.

ಎಂಬತ್ತರ ದಶಕದ ನಡುವಿನಲ್ಲಿ ನಾವು ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದೆವು. ನಾನು ಅಲ್ ಮಬೇಲಾದ ಒಂದು ವಾಹನ ರಿಪೇರಿಯ ವರ್ಕ್‌ಶಾಪಿನಲ್ಲಿ ಆಫೀಸಿನ ಕೆಲಸ ನೋಡುತ್ತಿದ್ದೆ. ಮೇಲಿನ ಮಹಡಿಯಲ್ಲಿ ನಾನು, ಹೆಂಡತಿ ವಾರಿಜಾ. ಕೆಳಗಿನ ಮನೆಯಲ್ಲಿ ಅವರು. ಸರಕಾರಿ ಆಸ್ಪತ್ರೆಯ ನರ್ಸ್. ಗಂಡ, ಮಗ ಊರಿನಲ್ಲಿ ಬೇಕರಿ ನೋಡಿಕೊಂಡಿದ್ದರು. ಮನೆಮಾತು ಕೊಂಕಣಿ, ನಮ್ಮ ಜೊತೆ ತುಳು, ಇತರ ಕನ್ನಡದವರು ಬಂದರೆ ಉಡುಪಿ ಕಡೆಯ ಕನ್ನಡ. ಕಟ್ಟಡದ ಎಲ್ಲರಿಗೂ, ಕಾವಲಿನ ಬಲೂಚಿಗೂ, ಅವರು 'ಸಿಸ್ಟರ್'.

ಡ್ಯೂಟಿ ಇಲ್ಲದ ದಿನವೂ ಅವರ ಎದೆಯ ಮೇಲೆ ನರ್ಸುಗಳ ವಾಚು ತಲೆಕೆಳಗಾಗಿ ತೂಗುತ್ತಿತ್ತು. ಮಾತಾಡುತ್ತಾ ಆಡುತ್ತಾ ಅದನ್ನು ಎತ್ತಿ ನೋಡುವರು. ಎದುರಿನವರಿಗೆ ಎದ್ದುಹೋಗಬೇಕೇನೋ ಎನಿಸುತ್ತಿತ್ತು. ಅವರ ಉದ್ದೇಶ ಅದಾಗಿರಲಿಲ್ಲ. ಮುಂದಿನ ಕೆಲಸವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು ಅಷ್ಟೆ. ಕಟ್ಟಡದಲ್ಲಿ ಯಾರ ಮನೆಯ ಸಮಾರಂಭವಿರಲಿ, ಯಾರು ಊರಿಗೆ ಹೊರಡಲಿ, ಪ್ಲಾನು ಅವರದು. "ಪ್ಲಾನ್ ಮಾಡಿದ್ರೆ ದೇವರಿಗೂ ಸುಲಭ ಮಾರಾಯ," ಎನ್ನುವರು. ವಾರಿಜಾ ಬಸುರಿಯಾಗಿದ್ದಾಗ ಆಸ್ಪತ್ರೆಗೆ ಹೋಗುವ ಬೇರೆ ಬೇರೆ ದಾರಿಗಳಲ್ಲಿ ನನ್ನಿಂದ ಗಾಡಿ ಓಡಿಸಿ, ಯಾವುದು ಬೇಗ ಎಂದು ನೋಡಿಸಿದ್ದರು. ಕೊನೆಗೆ ಮಗು ನಾನು ಮಬೇಲಾದಲ್ಲಿದ್ದಾಗ, ಮಟಮಟ ಮಧ್ಯಾಹ್ನ ಹೊರಟಿತು. ನೀರಿನ ಟ್ಯಾಂಕರಿನ ಪಠಾಣನನ್ನು ತಡೆದು, ವಾರಿಜಾಳನ್ನು ಅದರ ಮುಂದಿನ ಸೀಟಿನಲ್ಲಿ ಕೂರಿಸಿ ಕರೆದೊಯ್ದವರು ಅವರೇ. ಸಂಜೆ ನಾನು ಓಡಿಬಂದರೆ ತೊಟ್ಟಿಲಿಗೆ ಬೆರಳು ತೋರಿಸಿ ಬೈದರು: "ನೋಡು ನಿನ್ನ ಮಗಳನ್ನು. ಇದಕ್ಕೆ ಅಪಾಯಿಂಟ್‌ಮೆಂಟ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ!"

ದ್ವೀಪದ ವಿಷಯ ನನಗೆ ತಿಳಿದದ್ದು ಅವರ ಅಡಿಗೆಮನೆಯ ಗೋಡೆಯಿಂದ. ಅಲ್ಲಿ ಆಸ್ಪತ್ರೆಯ ಡ್ಯೂಟಿಪಟ್ಟಿಯ ಪಕ್ಕದಲ್ಲಿ ಸಮುದ್ರದ ಉಬ್ಬರ ಇಳಿತದ ವೇಳಾಪಟ್ಟಿ ಇತ್ತು. ನರ್ಸಿನ ಮನೆಯಲ್ಲಿ ಇದು ಯಾಕೆ ಎಂದು ಕೇಳಿದೆ.

ಒಮಾನಿಗೆ ಬಂದ ಹೊಸದರಲ್ಲಿ ಅವರನ್ನು ಹಾಕಿದ್ದು ಆ ದ್ವೀಪದ ಆರೋಗ್ಯಕೇಂದ್ರಕ್ಕೆ. ಸಿನಾವ್ ಪೇಟೆಯಿಂದ ದಕ್ಷಿಣಕ್ಕೆ ಮರಳಿನಲ್ಲಿ ನಾಲ್ಕೈದು ಗಂಟೆಯ ದಾರಿ ಹೋದರೆ ಸಮುದ್ರ. ಅಲ್ಲಿಂದ ಕೆಸರಿನ ಕೊಲ್ಲಿ ದಾಟಿದರೆ ದ್ವೀಪ. ಜನ ಮೀನು ಹಿಡಿದು, ಶಾರ್ಕ್ ಒಣಗಿಸಿ ಬದುಕುವವರು. ಅರಬಿ ಆ ತೀರಕ್ಕೆ ಬರುವ ಮೊದಲಿನಿಂದಲೂ ತಾವು ಅಲ್ಲಿದ್ದೇವೆ ಎಂದು ಹೇಳಿಕೊಳ್ಳುವವರು. ಅವರಿಗೆ ಅವರದೇ ಒಂದು ಭಾಷೆ. ಅದಕ್ಕೆ ಲಿಪಿಯಿಲ್ಲ, ಆಚೆ ದಡದ ಅರಬರಿಗೂ ಅದು ತಿಳಿಯದು. ಇವರು ಹೋದಾಗ ಮೊದಮೊದಲು ಒಬ್ಬ ಹೆಂಗಸೂ ಆರೋಗ್ಯಕೇಂದ್ರದ ಬಾಗಿಲಿಗೆ ಬರಲಿಲ್ಲವಂತೆ. ಬಂದವಳು ಊರಿನ ಸೂಲಗಿತ್ತಿ, ಉಮ್ಮ ಸಾಲಿಂ. ಬಂದು, ಇವರ ಎರಡೂ ಕೈ ಹಿಡಿದು ತಿರುಗಿಸಿ ನೋಡಿ, "ಸಣ್ಣ ಕೈ, ಒಳ್ಳೆಯದು" ಎಂದು ಹೋದಳಂತೆ. ಮರುದಿನದಿಂದ ಹೆಂಗಸರು ಬರತೊಡಗಿದರು. ಇವರು ಅಲ್ಲಿದ್ದ ಅಷ್ಟು ಕಾಲ ಉಮ್ಮ ಸಾಲಿಂ ಮನೆಯಿಂದಲೇ ಊಟ.

ಮಸ್ಕತ್ತಿಗೆ ವರ್ಗವಾದಾಗ ಮುದುಕಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ದೋಣಿ ಹತ್ತುವಾಗ ಇವರು ಹೇಳಿದರಂತೆ: "ಪೊರೆ ಬಲಿಯಲಿ. ನಾನೇ ಬಂದು ನಿನ್ನನ್ನು ಮಸ್ಕತ್ತಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸ್ತೇನೆ."

"ಅದೇ ತಪ್ಪಾದದ್ದು ನೋಡು," ಎಂದರು ನನಗೆ. "ಬಂದು ಅಂತ ಹೇಳಬಾರದಿತ್ತು."

ಯಾಕೆಂದರೆ ಮುದುಕಿ ಅವರಿಗಾಗಿ ಕಾಯುತ್ತಿದ್ದಳು. ಅವಳ ತಮ್ಮನ ಮಗ ಖಮೀಸ್ ಒಣಮೀನು ಮಾರಲು ಸಿನಾವ್‌ಗೆ ಬರುತ್ತಿದ್ದ. ಬಂದಾಗಲೆಲ್ಲ ಅಲ್ಲಿನ ಅಂಗಡಿಯಿಂದ ನನ್ನ ಆಫೀಸಿಗೆ ಫೋನ್ ಮಾಡುವನು. ಸಿಸ್ಟರ್ ಮನೆಯಲ್ಲಿ ಫೋನ್ ಇರಲಿಲ್ಲ. ಒಂದು ಸಲ ನಾನೇ ಸಿಟ್ಟಿನಿಂದ ಕೇಳಿದೆ: "ನೀನೇ ನಿನ್ನ ಅತ್ತೆಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಾರಯ್ಯ. ಇಲ್ಲಿ ಇವರು ಎಲ್ಲ ತಯಾರಿ ಮಾಡಿದ್ದಾರೆ."

"ನಾನು ಕರೆದರೆ ಅವಳು ಬರುವುದಿಲ್ಲ," ಎಂದ ಖಮೀಸ್. "ತಾನು ಬೇರೆಯವರ ಜೊತೆ ಹೋದರೆ ಆ ನರ್ಸ್ ಹುಡುಗಿ ಸುಳ್ಳಾಡಿದ ಹಾಗಾಗ್ತದೆ ಅಂತಾಳೆ. ಅವಳು ಬರ್ತೇನೆ ಅಂದಿದ್ದಾಳೆ, ಅವಳ ಮಾತು ನಾನು ಕೆಡಿಸಲಾರೆ, ಅಂತಾಳೆ."

ಇದನ್ನು ನಾನು ಸಿಸ್ಟರಿಗೆ ಹಾಗೆಯೇ ಒಪ್ಪಿಸಿದೆ. ಅವರು ಗ್ಯಾಸಿನ ಎದುರು ನಿಂತು ಊಟ ಮಾಡುತ್ತಿದ್ದರು. ಒಬ್ಬರೇ ಇದ್ದಾಗ ಕೂತು ಉಣ್ಣುವ ಅಭ್ಯಾಸ ಅವರಿಗಿರಲಿಲ್ಲ. ತಟ್ಟೆ ಕೆಳಗಿಟ್ಟು, "ದೆವಾ ಸಾಯ್ಬಾ," ಎಂದರು. ಆಮೇಲೆ ಎದೆಯ ವಾಚು ಎತ್ತಿ ನೋಡಿದರು.

ಹೋಗಬೇಕೆಂದರೆ ಹೀಗಿತ್ತು. ಅವರಿಗೆ ರಜೆ ಸಿಗುವುದು ಶುಕ್ರವಾರ ಒಂದೇ, ಅದೂ ಡ್ಯೂಟಿಪಟ್ಟಿ ಕೃಪೆ ಮಾಡಿದರೆ. ಗುರುವಾರ ಮಧ್ಯಾಹ್ನ ಹೊರಟು, ದಡ ಮುಟ್ಟಿ, ಗಾಡಿಯಲ್ಲೇ ಮಲಗಿ, ಶುಕ್ರವಾರ ಬೆಳಗಿನ ಉಬ್ಬರದಲ್ಲಿ ದೋಣಿ ದಾಟಬೇಕು. ಉಬ್ಬರವಿಲ್ಲದಿದ್ದರೆ ಕೊಲ್ಲಿಯಲ್ಲಿ ಸೊಂಟದ ತನಕ ಕೆಸರು. ದೋಣಿಯೂ ಹೋಗದು, ಮನುಷ್ಯನೂ ಹೋಗಲಾರ. ಅದೇ ದಿನ ಸಂಜೆಯ ಉಬ್ಬರದಲ್ಲಿ ಮುದುಕಿಯನ್ನು ಕೂರಿಸಿಕೊಂಡು ಹಿಂದೆ ಬರಬೇಕು. ಬೆಳಿಗ್ಗೆಗೂ ಸಂಜೆಗೂ ಹೀಗೆ ನೀರು ಹೊಂದುವುದು ಒಂದು ಬಿಟ್ಟು ಒಂದು ಶುಕ್ರವಾರಕ್ಕೆ. ಸಿಸ್ಟರ ರಜೆ ಬರುತ್ತಿದ್ದುದು, ಹೆಚ್ಚಾಗಿ, ನಡುವಿನ ಶುಕ್ರವಾರಕ್ಕೆ. ಮುಂಗಾರಿನ ಗಾಳಿ ಎದ್ದರೆ ನಾಲ್ಕು ತಿಂಗಳು ದೋಣಿಯೇ ಇಲ್ಲ. ಆ ತೀರಕ್ಕೆ ಹೋಗಲು ಪರದೇಶಿಗಳಿಗೆ ಆಗ ಅನುಮತಿಪತ್ರ ಬೇಕಿತ್ತು. ಅದು ಸಿಗಲು ಕೆಲಸ ಕೊಟ್ಟವರ ಒಪ್ಪಿಗೆ ಬೇಕು. ನನ್ನ ಪಾಸ್‌ಪೋರ್ಟು ನನ್ನನ್ನು ಕರೆಸಿಕೊಂಡ ಮಾಲೀಕ ಕಫೀಲನ ಕಪಾಟಿನಲ್ಲಿತ್ತು, ಅವರದು ಆಸ್ಪತ್ರೆಯ ಆಫೀಸಿನಲ್ಲಿ.

"ಆದಿವಾಸಿ ಜನರ ಊರಿಗೆ ನಿಮಗೆ ಎಂತ ಕೆಲಸ ಅಂತ ಕೇಳಿದ ಆ ಕ್ಲರ್ಕ್," ಎಂದು ಒಂದು ದಿನ ಬಂದು ಕುರ್ಚಿಯಲ್ಲಿ ಕುಸಿದರು. "ನಾನು ಊಟದ ಮನೆ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ. ಬುಕ್ರಾ ಬಾ ಅಂದ. ಬುಕ್ರಾ ಅಂದ್ರೆ ನಾಳೆ ಅಂತ ಯಾರು ಹೇಳಿದ್ದು ಮಾರಾಯ? ಬುಕ್ರಾ ಅಂದ್ರೆ ಇವತ್ತಲ್ಲ ಅಂತ, ಅಷ್ಟೆ."

ಮೊದಲ ಸಲ ಅನುಮತಿ ಬಂದದ್ದು ಶುಕ್ರವಾರ ಕಳೆದ ಮೇಲೆ. ಎರಡನೆಯ ಸಲ ಎಲ್ಲ ಹೊಂದಿದಾಗ, ವಾರ್ಡಿನ ಇನ್ನೊಬ್ಬ ನರ್ಸಿಗೆ ಟೈಫಾಯ್ಡ್ ಆಗಿ ಸಿಸ್ಟರ ರಜೆ ರದ್ದು. ಮತ್ತೊಮ್ಮೆ ನಾವು ದಡದ ತನಕ ಹೋದೆವು. ಉತ್ತರದ ಗಾಳಿ ಬೀಸುತ್ತಿತ್ತು. ಖಮೀಸ್ ದೋಣಿಯನ್ನು ಮರಳಿಗೆ ಎಳೆದು ಕಟ್ಟಿ, ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಕೈಯಾಡಿಸಿ "ಖಲಾಸ್" ಎಂದ. ಎದುರಿಗೆ ದ್ವೀಪ ಕಾಣುತ್ತಿತ್ತು, ಒಂದು ಕಂದು ಗೆರೆಯ ಹಾಗೆ. ಸಿಸ್ಟರ್ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ಸೂರ್ಯ ನೆತ್ತಿಗೆ ಬರುವ ತನಕ ನಿಂತರು. ಹಿಂದೆ ಬರುವಾಗ ಸಿನಾವ್ ದಾಟಿದ ಮೇಲೆ, "ಮುಂದಿನದ್ದಕ್ಕೆ ಗಾಳಿಯ ಸುದ್ದಿ ಮೊದಲೇ ಕೇಳಬೇಕು. ಅದೊಂದು ಬಿಟ್ಟುಹೋಗಿತ್ತು," ಎಂದರು. ನನಗೆ ರೇಗಿತು. ಗಾಳಿಯ ಸುದ್ದಿಯನ್ನು ಯಾರನ್ನು ಕೇಳುವುದು?

ಅದೇ ಪ್ರಯಾಣದಲ್ಲಿ ನಮ್ಮ ಗಾಡಿ ಉಪ್ಪುನೆಲದಲ್ಲಿ ಹೂತುಹೋಗಿತ್ತು. ಮೇಲೆ ಗಟ್ಟಿಯಾಗಿ ಕಾಣುವ, ಒಳಗೆ ಕೆಸರಿರುವ ನೆಲ ಅದು. ಅಲ್ಲಿಗೆ ಎರಡು ಗಾಡಿ ಇಲ್ಲದೆ ಹೋಗಬಾರದೆಂದು ಅರ್ಥವಾಯಿತು. ಎರಡನೆಯ ಗಾಡಿಗೆ ನಾವು ಕೇಳಿದ್ದು ಸಹಮಿನ ಶೆಟ್ಟರನ್ನು. ಸಹಮಿನಲ್ಲಿ ಅವರಿಗೆ ದಿನಸಿ ಅಂಗಡಿಯಿತ್ತು. ಧಾರಾಳ ಮನುಷ್ಯ. ಮುದುಕಿಯ ವಿಷಯ ಕೇಳಿದ್ದೇ, "ಪುಣ್ಯದ ಕೆಲಸ ಸಿಸ್ಟರ್, ಗಾಡಿಯೂ ಬರ್ತದೆ, ನಾನೂ ಬರ್ತೇನೆ," ಎಂದರು.

ಆ ಗುರುವಾರ ಮಧ್ಯಾಹ್ನ ನಮ್ಮ ವರ್ಕ್‌ಶಾಪಿನ ಎದುರು ಸೇರುವುದೆಂದು ತೀರ್ಮಾನ. ಅನುಮತಿ ಕೈಯಲ್ಲಿತ್ತು. ನೀರು ಹೊಂದಿತ್ತು. ಗಾಳಿ ಇರಲಿಲ್ಲ. ಆಸ್ಪತ್ರೆಯಲ್ಲಿ ಮುದುಕಿಗೆ ಹಾಸಿಗೆ ಗೊತ್ತಾಗಿತ್ತು. ಶೆಟ್ಟರು ಬಂದರು. ಒಂದಲ್ಲ, ಎರಡು ಗಾಡಿ. ಹೆಂಡತಿ, ಭಾವ, ಭಾವನ ಹೆಂಡತಿ, ಐದು ಮಕ್ಕಳು. ಪಾತ್ರೆ ತುಂಬ ಕೋಳಿಸುಕ್ಕ, ಅಕ್ಕಿಯ ಪುಂಡಿ, ತಂಪುಪೆಟ್ಟಿಗೆಯಲ್ಲಿ ಪೆಪ್ಸಿ. ಭಾವನ ಹೆಗಲ ಮೇಲೆ ಹೊಸ ವಿಡಿಯೋ ಕ್ಯಾಮರಾ. ಮಕ್ಕಳು ಇಂಗ್ಲಿಷಿನಲ್ಲಿ ದೋಣಿಯ ಮುಂದಿನ ಜಾಗಕ್ಕಾಗಿ ಆಗಲೇ ಜಗಳ ತೆಗೆದಿದ್ದವು.

ಸಿಸ್ಟರ್ ಎಲ್ಲರನ್ನೂ ಒಮ್ಮೆ ನೋಡಿದರು. "ಶೆಟ್ರೇ, ಇದೆಂತದು?"

"ಹೇಗೂ ಹೋಗ್ಲಿಕ್ಕುಂಟಲ್ಲ ಸಿಸ್ಟರ್. ಮಕ್ಕಳು ಇಂಥ ಜನರನ್ನು ನೋಡಿದ್ದೇ ಇಲ್ಲ. ಒಂದು ಪಿಕ್ನಿಕ್ ಆದ ಹಾಗೂ ಆಯ್ತು."

"ಅಲ್ಲಿ ಒಬ್ಬಳು ಕಣ್ಣು ಕಾಣದೆ ಕೂತಿದ್ದಾಳೆ. ಅವಳನ್ನು ನೋಡ್ಲಿಕ್ಕೆ ಟಿಕೆಟ್ ಇಟ್ಟಿಲ್ಲ."

ಶೆಟ್ಟರ ಮುಖ ಸಣ್ಣದಾಯಿತು. "ನಾವೇನು ಕಚ್ತೇವಾ ಸಿಸ್ಟರ್? ಬೇಕಾದ್ರೆ ಕ್ಯಾಮರಾ ಇಲ್ಲೇ ಬಿಡ್ತೇವೆ. ಮಕ್ಕಳಿಗೆ ದೋಣಿಯಲ್ಲಿ ಕೂತರೆ ಸಾಕು."

ನಾನು ಸಿಸ್ಟರನ್ನು ಪಕ್ಕಕ್ಕೆ ಕರೆದೆ. ಮಕ್ಕಳನ್ನು ದಡದಲ್ಲೇ ಬಿಡೋಣ, ನೀವು ಹೋಗಿ ಬನ್ನಿ ಎಂದೆ. ಅವರು ಕೇಳಲಿಲ್ಲ. ತಾವು ಅಲ್ಲಿದ್ದಾಗ ಒಮ್ಮೆ ಮಸ್ಕತ್ತಿನ ಯಾರೋ ದೊಡ್ಡವರ ಗುಂಪು ದೋಣಿಯಲ್ಲಿ ಬಂದು ಇಳಿದು, ಬಾವಿಯ ಹತ್ತಿರದ ಹೆಂಗಸರ ಫೋಟೋ ತೆಗೆದು, ತಂದಿಟ್ಟ ಕಾಫಿ ಕುಡಿಯದೆ ಹೋಗಿತ್ತಂತೆ. ಆಮೇಲೆ ಬಹಳ ದಿನ ಹೆಂಗಸರು ಆರೋಗ್ಯಕೇಂದ್ರಕ್ಕೂ ಬರಲಿಲ್ಲ. "ಇವರು ದಡದಲ್ಲಿ ನಿಲ್ತಾರೆ ಅಂತ ನೀನು ನಂಬ್ತೀಯಾ? ನೀರು ಕಂಡ ಮಕ್ಕಳು ನಿಲ್ತವಾ? ಅವರ ಮನೆ ಬಾಗಿಲಿಗೆ ನಾನು ಮೆರವಣಿಗೆ ಕಟ್ಟಿಕೊಂಡು ಹೋಗುದಿಲ್ಲ. ಇವತ್ತು ಇಲ್ಲ. ಇನ್ನೊಂದು ಸಲ ಹೋಗುವ."

"ಇನ್ನೊಂದು ಸಲ ಅಂದ್ರೆ ಯಾವಾಗ ಸಿಸ್ಟರ್? ಎಲ್ಲ ಹೊಂದಿದ್ದು ಇದೊಂದೇ ಸಲ."

"ನಾನು ಪ್ಲಾನ್ ಮಾಡ್ತೇನೆ," ಎಂದರು. ಬ್ಯಾಗು ತೆಗೆದುಕೊಂಡು, ಟ್ಯಾಕ್ಸಿ ಹಿಡಿದು ಹೋದರು. ಶೆಟ್ಟರ ಕುಟುಂಬ ಸೀಬಿನ ಕಡಲತೀರಕ್ಕೆ ಹೋಗಿ ಕೋಳಿಸುಕ್ಕ ಉಂಡಿತು. ಒತ್ತಾಯಿಸಿ ನನ್ನನ್ನೂ ಕರೆದೊಯ್ದರು. ಶೆಟ್ಟರು ಕೈತೊಳೆಯುತ್ತಾ, "ನನ್ನದು ಎಂತ ತಪ್ಪಾಯ್ತು ಮಾರಾಯ, ನೀನೇ ಹೇಳು," ಎಂದರು. ಆಮೇಲೆ ಅವರು ಗಾಡಿ ಕೊಡುವ ಮಾತೆತ್ತಲಿಲ್ಲ.

ಆ ವರ್ಷ ಗಾಳಿ ಬೇಗ ಎದ್ದಿತು. ಅನುಮತಿಯ ಅವಧಿ ಮುಗಿಯಿತು. ಹೊಸದು ಕೇಳಿದರೆ ಕ್ಲರ್ಕ್ ಬದಲಾಗಿದ್ದ, ಮತ್ತೆ ಮೊದಲಿಂದ. ಖಮೀಸನ ಫೋನು ಬಂದಾಗಲೆಲ್ಲ ನಾನು ಬೇರೆ ಬೇರೆ ರೀತಿಯಲ್ಲಿ ಇಲ್ಲ ಎನ್ನುತ್ತಿದ್ದೆ. ಸಿಸ್ಟರ ಮೇಲಿನ ಸಿಟ್ಟನ್ನು ಮನೆಯಲ್ಲಿ ವಾರಿಜಾಳ ಮೇಲೆ ತೋರಿಸುತ್ತಿದ್ದೆ. "ಅವರ ಮರ್ಯಾದೆ ದೊಡ್ಡದೋ, ಮುದುಕಿಯ ಕಣ್ಣು ದೊಡ್ಡದೋ?" ಎಂದರೆ ಅವಳು, "ಕೆಳಗೆ ಹೋಗಿ ಅವರನ್ನೇ ಕೇಳಿ. ನನ್ನ ಹತ್ತಿರ ಎಂತಕ್ಕೆ?" ಎನ್ನುವಳು. ನಾನು ಕೆಳಗೆ ಹೋಗುತ್ತಿದ್ದೆ, ಸಿಸ್ಟರ್ ಪೆನ್ಸಿಲಿನಿಂದ ಗೋಡೆಯ ಪಟ್ಟಿಗೆ ಗುರುತು ಹಾಕುತ್ತಿರುವುದನ್ನು ಕಂಡು ಸುಮ್ಮನೆ ಚಹಾ ಕುಡಿದು ಬರುತ್ತಿದ್ದೆ.

ಮರುವರ್ಷದ ಚಳಿಗಾಲದಲ್ಲಿ ಖಮೀಸನ ಫೋನು ಬಂತು. ಅತ್ತೆಗೆ ಮೂರು ದಿನದಿಂದ ತಲೆನೋವು, ವಾಂತಿ. ಕಣ್ಣು ಕೆಂಪಾಗಿದೆ, ಅಳುತ್ತಾಳೆ. ಇಷ್ಟು ದಿನ ಮಬ್ಬುಮಬ್ಬಾಗಿ ಕಾಣುತ್ತಿದ್ದದ್ದೂ ಹೋಗುತ್ತಿದೆ. ನಾನು ಆಸ್ಪತ್ರೆಗೇ ಹೋಗಿ ಹೇಳಿದೆ. ಸಿಸ್ಟರ್ ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟರು. ಅವರಿಗೆ ಇದೇನೆಂದು ಗೊತ್ತಿತ್ತು. ಪೊರೆ ಮಿತಿಮೀರಿ ಬಲಿತು ಕಣ್ಣಿನೊಳಗೆ ಒತ್ತಡ ಏರಿದೆ, ನರ ಒಂದೊಂದು ಗಂಟೆಗೂ ಸಾಯುತ್ತದೆ ಎಂದು ನನಗೆ ಕಾರಿನಲ್ಲಿ ಹೇಳಿದರು. ಅಂದು ಗುರುವಾರ. ಅನುಮತಿ ಇರಲಿಲ್ಲ. ಎರಡನೆಯ ಗಾಡಿ ಇರಲಿಲ್ಲ. ಶನಿವಾರ ಬೆಳಿಗ್ಗೆ ಅವರಿಗೆ ಡ್ಯೂಟಿ. ನೀರು ಮಾತ್ರ ಹೊಂದಿತ್ತು. "ಯಲ್ಲಾ," ಎಂದರು. ಹೊರಟೆವು. ದಾರಿಯಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ಇಷ್ಟು ವರ್ಷ ಯಾವ ಕಾಗದಕ್ಕಾಗಿ ಅಲೆದೆವೋ ಅದನ್ನು ಕೇಳುವ ಒಬ್ಬ ಮನುಷ್ಯನೂ ಆ ದಾರಿಯಲ್ಲಿರಲಿಲ್ಲ.

ಬೆಳಿಗ್ಗೆ ದ್ವೀಪದಲ್ಲಿ ಇಳಿದಾಗ ಹೆಂಗಸರು ನೀರಿಗೇ ಇಳಿದು ಬಂದು ಸಿಸ್ಟರನ್ನು ತಬ್ಬಿದರು. ಉಮ್ಮ ಸಾಲಿಂ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು. ನಾನು ಭಾವಿಸಿದ್ದಕ್ಕಿಂತ ಬಹಳ ಚಿಕ್ಕ ಮೈ. ಸಿಸ್ಟರ ಕೈಗಳನ್ನು ಹಿಡಿದು ತಿರುಗಿಸಿ ಸವರಿ, ಅವಳ ಭಾಷೆಯಲ್ಲಿ ಏನೋ ಹೇಳಿದಳು. ಸಿಸ್ಟರ್ ಚೀಲದಿಂದ ತಂದಿದ್ದ ಔಷಧ ಕಣ್ಣಿಗೆ ಹಾಕಿ, ಮಾತ್ರೆ ನುಂಗಿಸಿದರು. ನನ್ನ ಕಡೆ ತಿರುಗಿ, "ಸಂಜೆ ನೀರಿಗೆ ಸರಿಯಾಗಿ ಹೊರಡುವ," ಎಂದರು.

ಅವರ ಪ್ಲಾನಿನಲ್ಲಿ ಒಂದು ವಿಷಯ ಇರಲಿಲ್ಲ. ಅಲ್ಲಿ ಅಷ್ಟು ಕಾಲ ಇದ್ದವರಿಗೆ ಅದು ಹೊಳೆಯದೇ ಹೋದದ್ದು ಹೇಗೆಂದು ನಾನು ಇಂದಿಗೂ ಯೋಚಿಸುತ್ತೇನೆ. ನಾವು ಇಲ್ಲಿಂದ ಅಲ್ಲಿಗೆ ತಲುಪುವುದನ್ನೇ ವರ್ಷಗಟ್ಟಲೆ ಲೆಕ್ಕಹಾಕಿದ್ದೆವು. ಅವಳು ಅಲ್ಲಿಂದ ಹೊರಡುವುದಕ್ಕೆ ಎಷ್ಟು ಹೊತ್ತು ಬೇಕೆಂದು ಇಬ್ಬರೂ ಯೋಚಿಸಿರಲಿಲ್ಲ. ಆ ಜನರಲ್ಲಿ ಸಮುದ್ರ ದಾಟಿ ಹೋಗುವವರು ಊರಿನ ಪ್ರತಿ ಮನೆಗೂ ಹೋಗಿ, ತನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿ, ಆ ಮನೆಯವರು "ಕ್ಷಮಿಸಿದೆವು, ಹೋಗಿ ಬಾ" ಎಂದ ಮೇಲೆಯೇ ಹೊರಡಬೇಕು. ಹೇಳದೆ ಹೋಗುವವರು ಕಳ್ಳರು, ಇಲ್ಲವೇ ಹೆಣ, ಎಂದ ಖಮೀಸ್.

ಮೊದಲು ನಮಗೆ ಊಟವಾಗಬೇಕಿತ್ತು. ಊಟಕ್ಕೆ ಮೊದಲು ಗಂಡಸರು ಜುಮ್ಮಾ ನಮಾಜು ಮುಗಿಸಿ ಬರಬೇಕಿತ್ತು. ಆಡು ಕಡಿದಾಗಿತ್ತು, ಬೇಡವೆನ್ನುವ ಹಾಗಿರಲಿಲ್ಲ. ಊಟವಾದ ಮೇಲೆ ಮುದುಕಿ ಎದ್ದಳು. ಒಂದು ಕಡೆ ಸೊಸೆ, ಇನ್ನೊಂದು ಕಡೆ ಸಿಸ್ಟರ್. ಪ್ರತಿ ಮನೆಯಲ್ಲೂ ಒಳಗೆ ಹೋಗಬೇಕು, ಕೂರಬೇಕು, ಕಾಫಿ ಬರಬೇಕು. ಅವಳು ಹೆರಿಗೆ ಮಾಡಿಸದ ಮನೆ ಅಲ್ಲಿರಲಿಲ್ಲ. ಎಲ್ಲ ಮನೆಯಲ್ಲೂ ಅವಳಿಗೆ ಹೇಳಲು ಏನೋ ಇತ್ತು. ನೋವು ಬಂದಾಗ ಹಣೆ ಗೋಡೆಗೆ ಒತ್ತಿ ನಿಲ್ಲುವಳು. ಆಮೇಲೆ ಮುಂದಿನ ಮನೆ. ಸಿಸ್ಟರ್ ಒಂದು ಮನೆಯ ಹೊರಗೆ ಬಂದು ವಾಚು ನೋಡಿದರು. ಇನ್ನೊಂದರಲ್ಲಿ ನೋಡಿದರು.

"ಸಿಸ್ಟರ್, ಸಾಕು ಅಂತ ಹೇಳಿ," ಎಂದೆ. "ನೀರು ಇಳೀಲಿಕ್ಕೆ ಶುರುವಾಗಿದೆ."

"ಹೇಳಿದೆ."

"ಎಂತ ಅಂದಳು?"

"ನೀನು ನನ್ನನ್ನು ಕದ್ದುಕೊಂಡು ಹೋಗ್ಲಿಕ್ಕೆ ಬಂದದ್ದಾ ಅಂತ ಕೇಳಿದಳು."

ಕೊನೆಯ ಮನೆಯಿಂದ ಹೊರಬಂದು ನಾವು ದಡಕ್ಕೆ ಬಂದಾಗ ದೋಣಿ ಕೆಸರಿನ ಮೇಲೆ ಒಂದು ಮಗ್ಗುಲಿಗೆ ವಾಲಿತ್ತು. ಕೊಲ್ಲಿಯುದ್ದಕ್ಕೂ ಕೆಸರು ಹೊಳೆಯುತ್ತಿತ್ತು. ಸಿಸ್ಟರ್ ಕೆಸರಿಗೆ ಕಾಲಿಟ್ಟರು, ಮೊಣಕಾಲ ತನಕ ಇಳಿದರು, ಹಿಂದೆ ತಿರುಗಿ ನನ್ನ ಕಡೆ ನೋಡಿದರು. ಎಲ್ಲದಕ್ಕೂ ಒಂದು ಉಪಾಯ ಇರುತ್ತಿದ್ದ ಆ ಮುಖ ಹಾಗೆ ಖಾಲಿಯಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ನಾನೂ ಖಮೀಸನೂ ಕೈಕೊಟ್ಟು ಅವರನ್ನು ಎಳೆದೆವು.

ಮರುದಿನದ ಉಬ್ಬರದಲ್ಲಿ ದಾಟಿದೆವು. ಶನಿವಾರ ಸಂಜೆ ಮುದುಕಿ ಮಸ್ಕತ್ತಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ನೋವು ಇಳಿಸಿದರು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ದೀಪ ಹಾಕಿ ನೋಡಿದರು. ಬಲಗಣ್ಣು ಯಾವತ್ತೋ ಹೋಗಿತ್ತು. ಎಡಗಣ್ಣಿನ ನರವೂ ಸತ್ತಿತ್ತು. ಆಪರೇಷನ್ ಮಾಡಿದರೆ ನೋವು ಮತ್ತೆ ಬಾರದು, ದೃಷ್ಟಿ ಬಾರದು. ಒಂದು ದಿನ ಮೊದಲು ತಂದಿದ್ದರೆ ಎಂದು ಸಿಸ್ಟರ್ ಕೇಳಿದರು. ಒಂದು ದಿನದಿಂದ ಏನೂ ವ್ಯತ್ಯಾಸವಿರಲಿಲ್ಲ ಎಂದರು ಡಾಕ್ಟರು. "ಹೋದ ವರ್ಷ ತಂದಿದ್ದರೆ ಆಗ್ತಿತ್ತು. ಹೋದ ವರ್ಷ ಇದು ಬರೀ ಪೊರೆ."

ಸಿಸ್ಟರ್ ಮುದುಕಿಯ ಹತ್ತಿರ ಕೂತರು. ಕೂತು ಎಲ್ಲ ಹೇಳಿದರು, ಅರಬಿಯಲ್ಲೇ, ನನಗೂ ತಿಳಿಯುವ ಹಾಗೆ. ಹೋದ ವರ್ಷ ಎಲ್ಲ ಹೊಂದಿ ಬಂದಿತ್ತು, ಹೊರಡುವ ಹೊತ್ತಿಗೆ ಗಾಡಿಯವರು ಸಂಸಾರ ಸಮೇತ ಬಂದರು, ಮಕ್ಕಳು, ಊಟದ ಪಾತ್ರೆ, ಕ್ಯಾಮರಾ. ಇವರೆಲ್ಲ ಬಂದರೆ ನಿಮಗೆ ಅವಮಾನ ಅಂತ ನಾನೇ ಬೇಡ ಅಂದೆ.

ಮುದುಕಿ ಕೇಳಿಸಿಕೊಂಡಳು. ಕಣ್ಣಿಗೆ ಬಟ್ಟೆ ಕಟ್ಟಿದ್ದರು. "ಮಕ್ಕಳಿದ್ದರಾ?" ಎಂದಳು. "ಎಷ್ಟು?"

"ಐದು."

"ಕರೆದುಕೊಂಡು ಬರಬೇಕಿತ್ತು. ಆಗ ನನಗೆ ಸ್ವಲ್ಪ ಕಾಣ್ತಿತ್ತು. ನಿಮ್ಮ ಕಡೆಯ ಮಕ್ಕಳು ಹೇಗಿರ್ತಾರೆ ಅಂತ ನೋಡ್ತಿದ್ದೆ."

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಸುಲಭವಿತ್ತು. ಸಿಸ್ಟರ್ ಹೊದಿಕೆಯನ್ನು ಅಂಚಿನಿಂದ ಎಳೆದು ಸರಿಮಾಡಿದರು, ದಿಂಬು ಸರಿಮಾಡಿದರು, ಮತ್ತೆ ಹೊದಿಕೆ ಸರಿಮಾಡಿದರು. ನಾನು ಹೊರಗೆ ಬಂದೆ. ಅಷ್ಟು ದಿನ ಅವರಿಗೆಂದು ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಹೇಳುವ ಅಗತ್ಯ ಉಳಿದಿರಲಿಲ್ಲ. ಅವರ ಕಾರಣ ತಪ್ಪಾಗಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಅವರು ಮುದುಕಿಯನ್ನು ಒಂದು ಮಾತು ಕೇಳದೆ ಅವಳ ಪರವಾಗಿ ನಾಚಿಕೊಂಡರು. ಮುದುಕಿಯೂ ಇವರನ್ನು ಕೇಳದೆ ಇವರ ಮಾತನ್ನು ಕಾಪಾಡುತ್ತಾ ಕೂತಳು. ಇಬ್ಬರಲ್ಲಿ ಯಾರಾದರೊಬ್ಬರು ಸ್ವಲ್ಪ ಕಡಿಮೆ ಮರ್ಯಾದಸ್ಥರಾಗಿದ್ದರೆ ಆ ಕಣ್ಣು ಉಳಿಯುತ್ತಿತ್ತು.

ಹೇಳದೆ ಡ್ಯೂಟಿ ತಪ್ಪಿಸಿದ್ದಕ್ಕೆ ಸಿಸ್ಟರಿಗೆ ಒಂದು ನೋಟಿಸು ಬಂದಿತ್ತು. ಮುದುಕಿಯನ್ನು ಊರಿಗೆ ಮುಟ್ಟಿಸಲು ಅವರು ರಜೆ ಕೇಳಿದರು. ಸಿಗಲಿಲ್ಲ. ಹೊರಟೇಬಿಟ್ಟರು. ಆ ವರ್ಷದ ಕೊನೆಗೆ ಅವರ ಕರಾರು ಮುಂದುವರಿಯಲಿಲ್ಲ, ಕಲ್ಯಾಣಪುರಕ್ಕೆ ಹೋದರು. ಮಗ ಕೇಳಿದ್ದಕ್ಕೆ ಉತ್ತರ ಇಷ್ಟೇ.

ಅವರಿಬ್ಬರನ್ನು ದಡಕ್ಕೆ ಬಿಟ್ಟುಬಂದವನು ನಾನೇ. ಖಮೀಸ್ ಇನ್ನೂ ಬಂದಿರಲಿಲ್ಲ. ಗಾಡಿಯ ನೆರಳಿನಲ್ಲಿ ಚಾಪೆ ಹಾಸಿ ಇಬ್ಬರೂ ಕೂತರು. ವಾರಿಜಾ ಕಟ್ಟಿಕೊಟ್ಟಿದ್ದ ಇಡ್ಲಿಯನ್ನು ಸಿಸ್ಟರ್ ಮುರಿದು ಮುರಿದು ಮುದುಕಿಯ ಅಂಗೈಗೆ ಹಾಕುತ್ತಿದ್ದರು. ಮುದುಕಿ ಅದನ್ನು ಮೂಸಿ ನೋಡಿ, ಇದು ಅನ್ನವೋ ರೊಟ್ಟಿಯೋ ಎಂದು ಕೇಳಿ ನಗುತ್ತಿದ್ದಳು. ಬಿಸಿಲು ಏರಿತು. ನನಗೆ ಉಪ್ಪುನೆಲವನ್ನು ಬೆಳಕಿರುವಾಗಲೇ ದಾಟಬೇಕಿತ್ತು.

"ಸಿಸ್ಟರ್, ನಾನು ಮತ್ತೆ ಯಾವಾಗ ಬರಲಿ? ಮುಂದಿನ ಶುಕ್ರವಾರವಾ, ಅದರ ಮುಂದಿನದ್ದಾ?"

ಅವರು ವಾಚು ನೋಡಲಿಲ್ಲ. "ನೀನು ಹೋಗು ಮಾರಾಯ," ಎಂದರು. "ಇವಳು ಕಳಿಸಿದಾಗ ಬರ್ತೇನೆ."